ನವಾಬನ ಬೆನ್ನಿಗೆ ಎಣ್ಣೆ

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಲಕ್ಕಿಯ ವಿಷಯ ಹೇಳುತ್ತೇನೆ. ನಡುವೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ. ಮನೆಯಲ್ಲಂತೂ ಯಾರೂ ಬೈದಿಲ್ಲ.

ಅವಳು ಹಳದೀಪುರದವಳು. ದಿನಾ ಬಸ್ಸಿಗೆ ಹೊನ್ನಾವರಕ್ಕೆ ಬರುತ್ತಿದ್ದಳು. ಪಾತ್ರೆ, ಕಸ ಎಂದು ಇಟ್ಟುಕೊಂಡವಳಿಗೆ ಹೋದ ವರ್ಷ ಇನ್ನೊಂದು ಕೆಲಸ ಅಂಟಿತು. ನನ್ನ ಮಗ ಅಕ್ಷಯನ ಭಟ್ಕಳದ ಗೆಳೆಯ ದುಬೈಗೆ ಹೊರಡುವಾಗ ತಾನು ಸಾಕಿದ್ದ ಚಿಂಚಿಲ್ಲಾ ಎಂಬ ಪ್ರಾಣಿಯನ್ನು ಇವನ ಕೈಗೆ ಕೊಟ್ಟು ಹೋದ. ಇಲಿಯ ಮೀಸೆ, ಮೊಲದ ಮೈ, ಅಳಿಲಿನ ಬಾಲ. ಹೆಸರು ನವಾಬ. ಅದಕ್ಕೆ ಏಸಿ ಕೋಣೆ, ನನಗೆ ಫ್ಯಾನು!

ಅದರ ಮೈಗೆ ನೀರು ತಾಗಕೂಡದು. ತುಪ್ಪಳ ಅಷ್ಟು ದಟ್ಟ. ಒದ್ದೆಯಾದರೆ ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ವಾರಕ್ಕೆರಡು ಸಲ ನುಣ್ಣನೆಯ ಧೂಳಿನಲ್ಲಿ ಹೊರಳುವುದೇ ಸ್ನಾನ. ಡಬ್ಬಿಯಲ್ಲಿ ಬರುವ ಆ ಧೂಳು ನಮ್ಮ ಮಳೆಗಾಲಕ್ಕೆ ಮುದ್ದೆಯಾದಾಗ ಅಕ್ಷಯ ತಲೆ ಮೇಲೆ ಕೈ ಹೊತ್ತು ಕುಳಿತ. ಲಕ್ಕಿ ಬೀಜದ ಭತ್ತ ಕಾಪಾಡಿ ಗೊತ್ತಿದ್ದವಳು. ಧೂಳನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಆರಿಸಿ, ಹಳೆ ಪಂಚೆಯಲ್ಲಿ ಸೋಸಿ, ಚಿಟಿಕೆ ತೆಗೆದು ಊದುತ್ತಿದ್ದಳು. ಹಾರಿದರೆ ಸರಿ. ಆಮೇಲೆ ನವಾಬನನ್ನು ಮಡಿಲಲ್ಲಿಟ್ಟು ತುಪ್ಪಳವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ಬಾಚುವಳು. ನಾನು ಕೈ ಚಾಚಿದರೆ ಆ ಧಿಮಾಕಿನದು ಗೂಡಿನ ಮೂಲೆ ಸೇರುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಹೌದು, ಇಲಿಯಂಥದ್ದರ ಸಲುವಾಗಿ!

ದೀಪಾವಳಿಗೆ ಮನೆಮಂದಿಯ ನೆತ್ತಿಗೆಲ್ಲ ಎಣ್ಣೆ ಇಡುವವಳು ನಾನು. ಈ ಸಲ ಎಲ್ಲರದೂ ಮುಗಿದ ಮೇಲೆ, ಲಕ್ಕಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ, ಬಟ್ಟಲಲ್ಲಿ ಉಳಿದಿದ್ದನ್ನು ನವಾಬನ ಬೆನ್ನಿಗೆ ಸವರಿದೆ. ಹಗಲು ನಿದ್ದೆ ಮಾಡುವ ಪ್ರಾಣಿ, ಸಿಕ್ಕಿಬಿತ್ತು. ಅದಕ್ಕೂ ಹಬ್ಬ ಬೇಡವೇ ಅಂದುಕೊಂಡೆ.

ಮರುದಿನ ಲಕ್ಕಿ ಸ್ನಾನಕ್ಕೆ ಬಿಟ್ಟಾಗ ಧೂಳೆಲ್ಲ ಎಣ್ಣೆಗೆ ಮೆತ್ತಿ ತುಪ್ಪಳ ಜಡೆಗಟ್ಟಿತು. ಅಕ್ಷಯ ಕೂಗಾಡಿದ.

"ಎಂತ ಮಾಡಿಟ್ಟೆ ಲಕ್ಕಿ? ಇದಕ್ಕೆ ಎಣ್ಣೆ ಹಚ್ಚುದಾ?"

"ನಾ ಹಚ್ಚಲಿಲ್ಲ ಒಡ್ಯಾ. ಅಮ್ಮನ್ನೇ ಕೇಳಿ."

ಅವನು ನನ್ನತ್ತ ತಿರುಗಿದ. "ಆಯೀ?"

"ಯಂಗೆಂತ ಗೊತ್ತಿಲ್ಲೆ," ಎಂದೆ.

ಲಕ್ಕಿ ಮುಸುರೆ ಕೈ ತೊಳೆದುಕೊಂಡು ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾಡಿದ್ದಲ್ಲದೆ ಯಜಮಾನಿಯ ಮೇಲೆ ಹಾಕುವ ಹೆಂಗಸು ಎಂದು ಅವಳು ಪಾತ್ರೆ ತಿಕ್ಕುತ್ತಿದ್ದ ಪಕ್ಕದ ಮನೆಯವರೂ ಅವಳನ್ನು ಕೆಲಸ ಬಿಡಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮವೇ!

ನವಾಬನ ತುಪ್ಪಳ ಉದುರತೊಡಗಿತು. ದನದ ಡಾಕ್ಟರು ಬಂದು, ಇಂಥದ್ದನ್ನು ಚಿತ್ರದಲ್ಲಷ್ಟೇ ನೋಡಿದ್ದು ಎಂದು ಮುಲಾಮು ಕೊಟ್ಟು ಹೋದರು. ನಾನು ಬಾಚಲು ಹಿಡಿದರೆ ಹೆದರಿ, ಹಿಡಿ ಕೂದಲು ನನ್ನ ಕೈಯಲ್ಲೇ ಬಿಟ್ಟು ಜಿಗಿಯುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹಳದೀಪುರದ ಬಸ್ಸು ಹತ್ತಿದೆ.

ಲಕ್ಕಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಕೂರಲು ಮಣೆ ಕೊಟ್ಟಳು, ಬೆಲ್ಲ ನೀರು ಕೊಟ್ಟಳು.

"ನಾಳೆಯಿಂದ ಬಾರೆ. ಇಲ್ದಿದ್ರೆ ಅದು ಸಾಯ್ತದೆ," ಎಂದೆ.

"ಎಣ್ಣೆ ಯಾರು ಹಚ್ಚಿದ್ದು ಅಂತ ಒಡ್ಯರಿಗೆ ಹೇಳಿ ಬಂದ್ರಾ ಅಮ್ಮ?"

ನಾನು ಲೋಟದ ನೀರು ಮುಗಿಸಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ.

"ಹೇಳಿ. ಆಮೇಲೆ ಬತ್ತೆ," ಎಂದು ಅವಳು ಮತ್ತೆ ಭತ್ತಕ್ಕೆ ಬಗ್ಗಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಅಕ್ಷಯ ಬಾಗಿಲಲ್ಲೇ ಇದ್ದ.

"ಎಲ್ಲಿಗೆ ಹೋಗಿದ್ಯೇ ಆಯಿ?"

"ದೇವಸ್ಥಾನಕ್ಕೆ," ಎಂದೆ.