ಕೂಲರಿನಲ್ಲಿ ಸಿಕ್ಕ ಬೂಟು

ಹೋದ ವಾರ ನಮ್ಮ ಮನೆಯ ಏರ್ ಕೂಲರಿನೊಳಗೆ ಒಂದು ಜೋಡಿ ಬೂಟು ಸಿಕ್ಕವು.

ಬಾಗಲಕೋಟೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಎರಡು ಮಳೆ ಬಿದ್ದ ಮೇಲೆ ಕೂಲರನ್ನು ಒಣಗಿಸಿ, ಹಳೆಯ ಸೀರೆ ಸುತ್ತಿ, ಗೋಡೆಯ ಮೇಲಿನ ಸಜ್ಜಾಕ್ಕೆ ಏರಿಸುವುದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಈ ಸಲ ಅದನ್ನು ನಮ್ಮ ಮನೆಯವರೇ ಮುಂದೆ ಬಿದ್ದು ಮಾಡಿದ್ದರು. (ಮದುವೆಯಾದಾಗಿನಿಂದ ಆ ಕೂಲರಿಗೆ ಒಂದು ತಂಬಿಗೆ ನೀರು ಹಾಕಿದವರಲ್ಲ. ಅನುಮಾನ ನನಗೆ ಆಗಲೇ ಬರಬೇಕಿತ್ತು.) ಹೋದ ವಾರ ಸಜ್ಜಾದಿಂದ ಮುಗ್ಗಲು ವಾಸನೆ ಬರತೊಡಗಿತು. ಇಳಿಸಿ, ಹಿಂದಿನ ಜಾಲರಿ ತೆಗೆದೆ. ಹುಲ್ಲಿನ ಪ್ಯಾಡಿನ ಹಿಂದೆ, ಫ್ಯಾನಿನ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಮಗಳ ಬೂಟು. ಬಂಡೆ ಹತ್ತಲು ಹಾಕಿಕೊಳ್ಳುವ, ರಬ್ಬರ್ ತಳದ, ಮೂತಿ ಬಗ್ಗಿದ ಬೂಟು. ಮೇಲೆಲ್ಲ ಬಿಳಿ ಬೂಷ್ಟು.

ಆ ಬೂಟಿಗಾಗಿ ನೀಲಾ ಮಂಚದ ಕೆಳಗೆ, ಕಪಾಟಿನ ಹಿಂದೆ, ಬಚ್ಚಲ ಮನೆಯ ಮೂಲೆಯಲ್ಲಿ ಎಷ್ಟು ಹುಡುಕಿದ್ದಳು! ಆಸ್ಪತ್ರೆಯಿಂದ ಬಂದವಳು, ಗೋಡೆ ಹಿಡಿದುಕೊಂಡು ನಡೆಯುವವಳು. "ಪಪ್ಪಾ, ನನ್ನ ಬೂಟ ನೋಡಿರೇನ?" ಎಂದು ಕೇಳಿದಾಗ ಇವರು ಪೇಪರಿನಿಂದ ಕಣ್ಣೆತ್ತದೆ, "ಇಲ್ಲೇ ಎಲ್ಲೆರ ಇರ್ತಾವ ನೋಡವಾ" ಅಂದಿದ್ದರು.

ಇಲ್ಲೇ ಎಲ್ಲೆರ. ಸುಳ್ಳಂತೂ ಹೇಳಿರಲಿಲ್ಲ ನೋಡಿ.

ನನಗೆ ಸಿಟ್ಟು ಬೇಗ ಬರುವುದಿಲ್ಲ. ಈ ಅಂಕಣ ಓದುತ್ತ ಬಂದವರಿಗೆ ಅದು ಗೊತ್ತು. ಹಾಲು ಉಕ್ಕಿದರೆ ಒಲೆ ಒರೆಸುತ್ತೇನೆ, ಬಸ್ಸು ತಪ್ಪಿದರೆ ಮುಂದಿನದಕ್ಕೆ ಕೂರುತ್ತೇನೆ. ಆದರೆ ಆ ದಿನ ಬೂಟು ಕೈಯಲ್ಲಿ ಹಿಡಿದು ನಿಂತಾಗ ಬಂತು. ಇನ್ನೂ ಇಳಿದಿಲ್ಲ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ.

ನನ್ನ ಮಗ ಶರಣು, ಮಗಳು ನೀಲಾ ಇಬ್ಬರಿಗೂ ಬಾದಾಮಿಯ ಗುಡ್ಡದ ಹುಚ್ಚು. ಅವನು ದೊಡ್ಡವನು, ಕೆಲಸಕ್ಕೆ ಹೋಗುತ್ತಾನೆ. ಇವಳು ಡಿಗ್ರಿ ಕೊನೆಯ ವರ್ಷ. ಎಲ್ಲೆಲ್ಲಿಂದಲೋ ಜನ ಹಗ್ಗ ಹೊತ್ತು ಬಂದು ನಮ್ಮ ಕೆಂಪು ಬಂಡೆ ಹತ್ತುತ್ತಾರೆ, ನಾವು ಕೆಳಗೆ ನಿಂತು ಗಿರಮಿಟ್ಟು ತಿನ್ನುತ್ತೇವೆ, ಯಾಕೆ ಎಂದು ಕೇಳಿದವಳು ನೀಲಾ. ಅಣ್ಣನನ್ನು ಗುಡ್ಡಕ್ಕೆ ಎಳೆದುಕೊಂಡು ಹೋದವಳೂ ಅವಳೇ. ಈಗ ಅವನಿಗಿಂತ ಚೆನ್ನಾಗಿ ಹತ್ತುತ್ತಾಳೆ. (ಇದನ್ನು ಅವನೇ ಒಪ್ಪುತ್ತಾನೆ, ಯಾರೂ ಇಲ್ಲದಾಗ.)

ಕಾರ ಹುಣ್ಣಿಮೆಯ ಹಿಂದಿನ ಭಾನುವಾರ ಇಬ್ಬರೂ ಗುಡ್ಡಕ್ಕೆ ಹೋಗಿ ಬಂದರು. ಹುಣ್ಣಿಮೆಗೆ ನಾವೆಲ್ಲ ಶಿರೂರಿಗೆ ಹೋದೆವು. ಅಲ್ಲಿ ನನ್ನ ಮೈದುನ ಒಕ್ಕಲುತನ ಮಾಡುತ್ತಾನೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಝೂಲ ಹೊದಿಸುವ ಹಬ್ಬ. ಮೈ ತೊಳೆಯುವ ಮೊದಲು ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಹಬ್ಬದ ಫೋಟೋದಲ್ಲಿ ತೋರಿಸುವುದಿಲ್ಲ. ಉಣ್ಣಿ ಆರಿಸುವುದು. ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ ರಕ್ತ ಕುಡಿದು ಹುಣಸೆ ಬೀಜದಂತೆ ಉಬ್ಬಿದ ಉಣ್ಣಿಗಳು. ಕಿತ್ತು, ಕಲ್ಲಿನ ಮೇಲಿಟ್ಟು, ಹೆಬ್ಬೆರಳಿನ ಉಗುರಿನಿಂದ ಒತ್ತಿ ಚಟ್ ಅನಿಸುವುದು.

ನೀಲಾ ಎತ್ತಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆಳಗಿನಿಂದ ಅದನ್ನೇ ಮಾಡಿದಳು. ಕಟ್ಟೆಯ ಮೇಲೆ ನಮ್ಮ ಮನೆಯವರ ಅಕ್ಕ. ಇಳಕಲ್ಲಿಗೆ ಕೊಟ್ಟವರು, ಹಬ್ಬಕ್ಕೆ ತವರಿಗೆ ಬಂದಿದ್ದರು. ನಾನು ಅವರನ್ನು ಅಕ್ಕಾರ ಅಂತೀನಿ. ಅಕ್ಕಾರ ಎಲೆ ಅಡಿಕೆ ಹಾಕಿಕೊಳ್ಳುತ್ತ, ಬಂದವರಿಗೆಲ್ಲ ಸೋದರಸೊಸೆಯನ್ನು ತೋರಿಸಿದ್ದೇ ತೋರಿಸಿದ್ದು. "ನೋಡ್ರಿ, ಪ್ಯಾಟಿ ಹುಡುಗಿ, ಒಂಚೂರು ಹೇಸಿಗಿ ಇಲ್ಲ. ಇಕಿ ಹೋದ ಮನಿ ದನಕರು ಪುಣ್ಯಾ ಮಾಡ್ಯಾವ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬಾಗಲಕೋಟೆಗೆ ಮರಳಿ ಒಂದು ವಾರ ಕಳೆದಿರಬಹುದು. ನೀಲಾಗೆ ಜ್ವರ. ತಲೆ ಸಿಡಿಯುವ ನೋವು, ಕಣ್ಣು ಕೆಂಪು. ಓಣಿಯ ಡಾಕ್ಟರು ಕುರ್ಚಿಯಿಂದ ಏಳದೆ "ವೈರಲ್" ಅಂದರು. ಜ್ವರ ಇಳಿಯಲಿಲ್ಲ, "ಟೈಫಾಯ್ಡ್ ಇರಬಹುದು" ಅಂದರು. ರಕ್ತ ತಪಾಸಣೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, "ಡೆಂಗ್ಯೂ ಇದ್ದರೂ ಇರಬಹುದು" ಅಂದರು. ತಮ್ಮ ದವಾಖಾನೆಯಲ್ಲೇ ಮಲಗಿಸಿ ಸಲೈನ್ ಹಚ್ಚಿದರು. ಇಷ್ಟೆಲ್ಲ ಆಗುವಾಗ ಒಂದು ಸಲವಾದರೂ, "ಎಲ್ಲಿಗೆ ಹೋಗಿದ್ದೆವ್ವಾ? ಏನು ಮುಟ್ಟಿದ್ದೆ? ಏನರ ಕಡದೈತೇನು?" ಎಂದು ಕೇಳಿದರಾ? ಇಲ್ಲ. ಹುಡುಗಿ ಬಾಯಿ ತೆರೆದರೆ "ರಿಪೋರ್ಟ್ ಬರಲಿ" ಅನ್ನುವರು. ರಿಪೋರ್ಟಿಗೆ ಗುಡ್ಡ, ಎತ್ತು, ಉಣ್ಣಿ ಏನು ಗೊತ್ತು?

ಸುದ್ದಿ ಕೇಳಿ ಅಕ್ಕಾರ ಇಳಕಲ್ಲಿನಿಂದ ಬಸ್ಸು ಹತ್ತಿ ಬಂದರು. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡೇ ಬಂದರು. (ಒಂದು ಗುಟುಕು ನೀರು ನುಂಗಲಾರದ ಹುಡುಗಿಗೆ ಕರದಂಟು! ನೋಡಲು ಬಂದವರು ಖಾಲಿ ಮಾಡಿದರು.) ಅವತ್ತೇ ಮಗಳ ಮಣಿಕಟ್ಟಿನಲ್ಲಿ ಕೆಂಪು ದದ್ದು ಎದ್ದವು. ಅಂಗೈ, ಅಂಗಾಲಿಗೂ ಹಬ್ಬಿದವು. ನೋಡಿದ್ದೇ ಅಕ್ಕಾರ ಕೈ ಮುಗಿದರು.

"ಯವ್ವಾ, ಮೈಮ್ಯಾಲ ತಾಯಿ ಬಂದಾಳ. ಸೂಜಿ ಗೀಜಿ ಚುಚ್ಚಿಸಬ್ಯಾಡ್ರಿ. ಸಲೈನ್ ತಗಸಿ ಮನಿಗೆ ಕರಕೊಂಡು ನಡೀರಿ."

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅವರೂ ತಲೆಯಾಡಿಸಿದರು! ಹುಡುಗಿಯನ್ನು ಮನೆಗೆ ತಂದು, ಹಾಸಿಗೆಗೆ ಬೇವಿನ ಸೊಪ್ಪು ಹಾಸಿ, ಮೊಸರನ್ನದ ಎಡೆ ಇಟ್ಟದ್ದಾಯಿತು. ನಾನು ಬೇಡ ಅಂದೆ. ಎರಡು ಸಲ ಅಂದೆ. "ನಿನಗೇನ್ ತಿಳೀತದ, ಹಿರ್ಯಾರು ಹೇಳಾಕತ್ತಾರ" ಅಂದರು. ಮರುದಿನ ಮಧ್ಯಾಹ್ನ ನೀಲಾ ನನ್ನನ್ನೇ ನೋಡಿ, "ನೀವು ಯಾರ್ರಿ? ನಮ್ಮವ್ವನ್ನ ಕರೀರಿ" ಅಂದಳು.

ಅಷ್ಟೇ. ನಾನು ಯಾರನ್ನೂ ಕೇಳಲಿಲ್ಲ. ಶರಣು ಆಟೋ ತಂದ. ತಂಗಿಯನ್ನು ಎತ್ತಿಕೊಂಡ. ಬೇವಿನ ಎಲೆಗಳು ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದವು, ಹಾಗೆಯೇ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿ ಒಬ್ಬ ಡಾಕ್ಟರಮ್ಮ, ನನಗಿಂತ ಚಿಕ್ಕವರು. ಅಂಗೈ ತಿರುಗಿಸಿ ನೋಡಿದರು. ಪರದೆ ಎಳೆದು, ತಲೆಯಿಂದ ಕಾಲಿನವರೆಗೆ ಮೈಯೆಲ್ಲ ನೋಡಿದರು. ಎಡ ಮೊಣಕಾಲಿನ ಹಿಂದೆ, ಮಡಿಕೆಯಲ್ಲಿ, ಬೀಡಿ ಸುಟ್ಟಂಥ ಒಂದು ಕರಿ ಹಕ್ಕಳೆ. ನೋವಿಲ್ಲ, ತುರಿಕೆ ಇಲ್ಲ. ಹಾಗಾಗಿ ನೀಲಾಗೂ ಗೊತ್ತಿರಲಿಲ್ಲ.

"ಉಣ್ಣಿ ಕಡದೈತ್ರಿ. ಅದರಿಂದ ಬರೋ ಜ್ವರ ಇದು, ಟಿಕ್ ಟೈಫಸ್ ಅಂತೀವಿ. ಅಡವಿ, ಹುಲ್ಲು ಕಡೆ ಓಡಾಡಿದ್ಲೇನು? ದನ, ನಾಯಿ ಏನರ ಅದಾವ?"

ಅಕ್ಕಾರ ಅಷ್ಟರಲ್ಲಿ ಹಿಂದೆಯೇ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರದ್ದು ಶುರು. "ಗುಡ್ಡಾರೀ! ಬಾದಾಮಿ ಗುಡ್ಡಾ ಹತ್ತತಾಳ್ರಿ ಇಕಿ. ಗಂಡುಡುಗ್ರಂಗ ಪ್ಯಾಂಟ್ ಹಾಕ್ಕೊಂಡು. ಅಲ್ಲಿ ಮಂಗ್ಯಾ ಭಾಳ. ಅದ ಮಂಗ್ಯಾನ ಜಡ್ಡು ನೋಡ್ರಿ ಇದು!"

"ಅಲ್ರಿ ಅಮ್ಮಾರ, ಮಂಗನ ಕಾಯಿಲೆ ಬ್ಯಾರೆ. ಅದು ಮಲೆನಾಡ ಕಡೆಯದು" ಅಂದರು ಡಾಕ್ಟರಮ್ಮ. (ಬಾದಾಮಿಯ ಮಂಗಗಳು ಪ್ರವಾಸಿಗಳ ಬಾಳೆಹಣ್ಣು ಕಸಿಯುವ ಆರೋಪದಲ್ಲಿ ಸದಾ ಸಿಕ್ಕಿಬೀಳುತ್ತವೆ. ಈ ಕೇಸಿನಲ್ಲಿ ನಿರ್ದೋಷಿಗಳು.)

ನಾನು ಹೇಳಿದೆ: "ಕಾರ ಹುಣ್ಣಿವಿಗೆ ಎತ್ತಿನ ಉಣ್ಣಿ ಆರಿಸ್ಯಾಳ್ರಿ. ಉಗುರಿಲೆ ಕುಟ್ಯಾಳ."

ಅಕ್ಕಾರ ಹೌಹಾರಿದರು. "ಏನ್ ಮಾತಾಡ್ತೀ? ಪೂಜಾ ಮಾಡಿದ ಎತ್ತು ಅವು. ಬಸವಣ್ಣನ ಮೈಯಾಗಿನ ಉಣ್ಣಿ ಜಡ್ಡು ತರ್ತಾವೇನ?"

ಡಾಕ್ಟರಮ್ಮ ನಗಲಿಲ್ಲ. "ಯಾವುದು ಕಡೀತು ಅಂತ ನಾ ಹೇಳಾಕ ಆಗಂಗಿಲ್ರಿ. ಗುಡ್ಡದ ಹುಲ್ಲಾಗಿನದೂ ಇರಬಹುದು, ಎತ್ತಿನದೂ ಇರಬಹುದು. ಉಗುರಿಲೆ ಒತ್ತೂದಂತೂ ಬ್ಯಾಡ. ಅದರ ರಕ್ತ ಕೈಗೆ ಹತ್ತಿದ್ರೂ ಆಗ್ತದ" ಅಂದರು. ಕೊಟ್ಟದ್ದು ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವ ಒಂದು ಸಾದಾ ಮಾತ್ರೆ. ಎರಡೇ ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಮಗಳು ನನ್ನನ್ನು "ಅವ್ವಾ" ಅಂದಳು. ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತು ಬಂದೆ.

ಈಗ ಹೇಳಿ. ಡಾಕ್ಟರು ಹೇಳಲಾರೆ ಅಂದದ್ದನ್ನು ನಮ್ಮ ಬಳಗ ಅದೆಷ್ಟು ಖಚಿತವಾಗಿ ಹೇಳಿತು? "ಗುಡ್ಡಕ್ಕ ಹೋಗಿ ಜಡ್ಡು ತಂದ್ಲಂತ" ಎಂಬ ಸುದ್ದಿ ಇಳಕಲ್, ಹುನಗುಂದ ಸುತ್ತಿ ಮರಳಿ ನನ್ನ ಫೋನಿಗೇ ಬಂತು. ಬಂದವರೆಲ್ಲ ಮಂಚದ ಪಕ್ಕ ಕೂತು, "ಇನ್ನರ ಬುದ್ಧಿ ಕಲಿಯವಾ" ಅಂದರು. ಒಬ್ಬರು, "ಕಲೆ ಉಳಿದ್ರ ಯಾರ್ ಮಾಡ್ಕೋತಾರ?" ಎಂದು ಅವಳ ಎದುರಿಗೇ ಕೇಳಿದರು. ಸಾವಿನ ಬಾಗಿಲಿಂದ ಬಂದ ಹುಡುಗಿಗೆ ಕೇಳುವ ಮಾತೇ ಇದು?

ಅದೇ ಮಂಚದ ಪಕ್ಕದಲ್ಲಿ ಶರಣು ನಿಂತಿದ್ದ. ಅದೇ ಗುಡ್ಡ ಹತ್ತಿದವನು. ಅವಳು ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಗುಡ್ಡಕ್ಕೆ ಹೋಗಿಯೂ ಬಂದ. ಅವನಿಗೆ ಒಬ್ಬರಾದರೂ ಬುದ್ಧಿ ಹೇಳಿದರಾ? "ಬಿಸಲಾಗ ಹೋಗಬ್ಯಾಡಪಾ, ಟೊಪ್ಪಿಗಿ ಹಾಕ್ಕೋ" ಅಂದರು. ನನ್ನ ಮೈದುನನಿಗೆ "ಹೊಲಕ್ಕೆ ಹೋಗಬ್ಯಾಡ" ಅಂದರಾ? ಎತ್ತು ಮುಟ್ಟಬೇಡ ಅಂದರಾ? ಉಣ್ಣಿಯ ಹೆಸರು ಹೇಳಿ ಮುಚ್ಚಿದ್ದು ಒಂದೇ ಬಾಗಿಲು. ಅದು ನೀಲಾಳದು.

ಇರಲಿ. ಕೂಲರಿಗೆ ಬರೋಣ.

ಬೂಟು ತಂದು ಇವರ ಎದುರು, ಚಹಾದ ಕಪ್ಪಿನ ಪಕ್ಕದಲ್ಲಿಟ್ಟೆ. ಕಪ್ಪನ್ನು ಆಚೆ ಸರಿಸಿದರು.

"ಅಕ್ಕ ಸುಟ್ಟುಬಿಡು ಅಂದಿದ್ಲು. ನಾ ಸುಡಲಿಲ್ಲ" ಅಂದರು.

ಅಂದರೆ ನಾನು ಇವರಿಗೆ ಶಾಬಾಸ್ ಅನ್ನಬೇಕು!

"ಶರಣೂನ ಬೂಟ ಎಲ್ಲಿ ಮುಚ್ಚಿಟ್ಟೀರಿ? ಫ್ರಿಜ್ಜಿನ್ಯಾಗ?"

"ಹಂಗಲ್ಲಲೇ... ಹುಡುಗಿ ಹೋಗೇ ಬಿಡ್ತಾಳನೋ ಅಂತ ಅಂಜಿಕಿ ಬಂದಿತ್ತು."

"ಅಂಜಿಕಿ ನನಗೂ ಬಂದಿತ್ರಿ. ನನ್ನ ಮಗಳು ನನಗ ನೀವು ಯಾರು ಅಂತ ಕೇಳಿದಾಗ. ಆವಾಗ ನೀವು ಬೇವಿನ ಸೊಪ್ಪು ಹುಡುಕ್ಕೊಂತ ಹೋಗಿದ್ರಿ."

ಇವರು ಎದ್ದು, ಹಳೆಯ ಟೂತ್‌ಬ್ರಷ್ ತಂದು, ಬೂಟಿನ ಬೂಷ್ಟು ತಿಕ್ಕತೊಡಗಿದರು. ತಿಕ್ಕಲಿ. ನಾನು ಸಹಾಯಕ್ಕೆ ಹೋಗಲಿಲ್ಲ.

ನಾನೇನು ಗುಡ್ಡದಲ್ಲಿ ಅಪಾಯವಿಲ್ಲ ಅನ್ನುತ್ತಿಲ್ಲ. ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಬೇಕು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಬೇಕು. ಚಿಮಣಿ ಎಣ್ಣೆ ಬೇಡ, ಕಡ್ಡಿ ಗೀರುವುದು ಬೇಡ, ಉಗುರಂತೂ ಬೇಡವೇ ಬೇಡ. ಆಮೇಲೆ ಜ್ವರ ಬಂದರೆ ಡಾಕ್ಟರು ಕೇಳದಿದ್ದರೂ ನಾವೇ ಹೇಳಬೇಕು. ಈ ನಿಯಮ ಇಬ್ಬರಿಗೂ. ಬಾದಾಮಿಯಿಂದ ಬಂದರೂ, ಶಿರೂರಿನಿಂದ ಬಂದರೂ. "ಶಿರೂರಿಗೂ?" ಎಂದು ಇವರು ಕೇಳಿದರು. ಹೌದು, ಶಿರೂರಿಗೂ ಅಂದೆ.

ಮೊನ್ನೆ ಭಾನುವಾರ ಮೋಡ ಕವಿದಿತ್ತು. ನೀಲಾ ಬೂಟು ಚೀಲಕ್ಕೆ ಹಾಕಿಕೊಂಡು, ಗೆಳತಿಯರ ಜೊತೆ ಬಾದಾಮಿಗೆ ಹೋದಳು. "ಇವತ್ತು ಹತ್ತಂಗಿಲ್ಲವ್ವಾ, ಶಕ್ತಿ ಇಲ್ಲ. ಸುಮ್ನ ಕಲ್ಲು ಮುಟ್ಟಿ ಬರ್ತೇನಿ" ಅಂದಳು. ಬಾಗಿಲಲ್ಲಿ ಅಪ್ಪ ನೀರಿನ ಬಾಟಲಿ ಕೊಟ್ಟರು. ಶರಣು ಇನ್ನೂ ಹೊದ್ದು ಮಲಗಿದ್ದ.

ಅವಳು ಓಣಿ ದಾಟಿರಲಿಲ್ಲ, ಅಕ್ಕಾರ ಫೋನು. ಪಂಚಮಿಗೆಂದು ಶಿರೂರಿಗೆ ಬಂದಿದ್ದಾರೆ.

"ಮಳಿ ಹತ್ತಿದ ಮ್ಯಾಲ ಎತ್ತಿಗೆ ಮತ್ತ ಉಣ್ಣಿ ಮುತ್ತಿಬಿಟ್ಟಾವ ನೋಡವಾ. ನೀಲಾ ಈಗ ಆರಾಮ ಅದಾಳಲ್ಲ? ಎರಡ ದಿನಾ ಕಳಸು. ಅಕಿ ಕೈ ಭಾಳ ಹಗೂರ, ಎತ್ತು ಒದಿಯೂದಿಲ್ಲ."

ಕಿವಿಯನ್ನು ನಂಬಲಾಗಲಿಲ್ಲ. ಆದರೂ ಮೆತ್ತಗೆ ಹೇಳಿದೆ: "ನೀಲಾ ಗುಡ್ಡಕ್ಕ ಹೋಗ್ಯಾಳ್ರಿ ಅಕ್ಕಾರ. ಶರಣು ಮನ್ಯಾಗ ಅದಾನ, ಅವನ್ನ ಕಳಸ್ತೇನಿ. ಅವನೇ ಉಣ್ಣಿ ಆರಿಸಲಿ."

ಆ ಕಡೆಯಿಂದ ಗಾಬರಿಯ ದನಿ.

"ಅಯ್ಯ, ಅಂವನ್ಯಾಕ ಕಳಸ್ತೀ? ಅಂವಗ ಕಡದು ಜ್ವರಾ ಗಿರಾ ಬಂದ್ರ?"

ಶಿರೂರಿನ ಎತ್ತಿನ ಉಣ್ಣಿಯೂ ಜ್ವರ ತರುತ್ತದೆ ಎಂಬುದು ಅಕ್ಕಾರಿಗೆ ಹಾಗಾದರೆ ಗೊತ್ತಿತ್ತಲ್ಲ?