ಜಪಾನಿನಿಂದ ಬರಬೇಕಿದ್ದ ಪಾರ್ಟ್

ಕಾರಿನ ಕೀಯನ್ನು ಅವರು ಯಾರಿಗೂ ಮೇಜಿನ ಮೇಲೆ ಜಾರಿಸಿ ಕೊಟ್ಟವರಲ್ಲ. ಬಲ ಅಂಗೈಯ ಕೆಳಗೆ ಎಡ ಅಂಗೈ ಆನಿಸಿ, ಮೇಲೆ ಕೀ ಇಟ್ಟು, ಪ್ರಸಾದ ಕೊಡುವವರ ಹಾಗೆ ಮುಂದೆ ಚಾಚುತ್ತಿದ್ದರು. ಬಲಗೈಯ ಕಿರುಬೆರಳು ಯಾವುದೋ ಕಾಲದಲ್ಲಿ ಬಾನೆಟ್ಟಿನಡಿ ಸಿಕ್ಕಿ ಸೊಟ್ಟಗಾಗಿತ್ತು. ಅದೊಂದು ಮಾತ್ರ ಉಳಿದ ಬೆರಳುಗಳ ಜೊತೆ ಸೇರದೆ ಹೊರಗೆ ಬಾಗಿ ನಿಂತಿರುತ್ತಿತ್ತು, ಪಿಂಗಾಣಿ ಕಪ್ಪಿನಲ್ಲಿ ಟೀ ಕುಡಿಯುವ ಹೆಂಗಸರ ಬೆರಳಿನಂತೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ವರ್ಷಗಟ್ಟಲೆ ಡಿಪೋರ್ಟ್‌ಮೆಂಟ್ ಎಂದು ನಿಲ್ಲುವ ಕೂರುವ ಠೀವಿ ಕಲಿಸಿದರೂ ನಮಗೆ ಬಾರದಿದ್ದ ಒಂದು ಗ್ರೇಸ್ ಆ ಸೊಟ್ಟ ಬೆರಳಿಗೆ ತಾನಾಗಿ ಬಂದಿತ್ತು.

ದುಬೈಯ ಅಲ್ ಕೂಜ್‌ನಲ್ಲಿ, ಗೋದಾಮು ಗ್ಯಾರೇಜುಗಳ ನಡುವೆ, ನಮ್ಮ ಕಾರಿನ ಡೀಲರ್‌ಗಳದ್ದೊಂದು ಸರ್ವಿಸ್ ಸೆಂಟರ್. ಅಲ್ಲಿಯ ಕೌಂಟರಿನಲ್ಲಿ ಅವರು ಕೂರುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿಗಳು. ನಮ್ಮ ಮನೆಯಲ್ಲಿ ಅವರಿಗೆ ಕೌಂಟರಿನ ಸಾಯಿಬರು ಎಂದೇ ಹೆಸರು. ಗಡ್ಡದ ತುದಿಗೆ ಮದರಂಗಿಯ ಕೆಂಪು, ಇಸ್ತ್ರಿ ಮುರಿಯದ ಕಂಪೆನಿ ಶರ್ಟು, ಹತ್ತಿರ ಬಂದರೆ ಅತ್ತರು ಮತ್ತು ಇಂಜಿನ್ ಆಯಿಲ್ ಒಟ್ಟಿಗೆ ಬೆರೆತ ಒಂದು ವಾಸನೆ. ಇಂದಿಗೂ ಯಾವುದಾದರೂ ಲಿಫ್ಟಿನಲ್ಲಿ ಆ ವಾಸನೆಯ ಎಳೆ ಸಿಕ್ಕರೆ ನಾನು ತಿರುಗಿ ನೋಡುತ್ತೇನೆ.

ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಎರಡು ಮಾತು: ಮುಗಿಯಿತು ಎನ್ನಲು ಖಲಾಸ್, ಇಲ್ಲ ಎನ್ನಲು ಮಾಫಿ. ಸಾಯಿಬರು ಎರಡನ್ನೂ ಬಳಸುತ್ತಿರಲಿಲ್ಲ. ಕೌಂಟರ್ ಗುದ್ದಿ ಕೂಗುವವರಿಗೂ, ಅಳು ಬರಿಸಿಕೊಂಡು ನಿಂತವರಿಗೂ ಅವರದು ಒಂದೇ ಉತ್ತರ. ಅರಬಿಯಲ್ಲೋ ಹಿಂದಿಯಲ್ಲೋ ಸಮಾಧಾನ ಹೇಳಿ, ಕೊನೆಗೆ ತಮಗೆ ತಾವೇ ಎಂಬಂತೆ ನಮ್ಮೂರಿನ ಕನ್ನಡದಲ್ಲಿ, “ನೋಡುವ.”

ನನ್ನ ಗಂಡ ಸರ್ವಿಸಿಗೆ ಹೋದಾಗಲೆಲ್ಲ ಅವರೊಡನೆ ತುಳು ಮಾತಾಡುತ್ತ ಅರ್ಧ ಬೆಳಗು ಕಳೆಯುತ್ತಿದ್ದರು. ನಾನು ಗಾಜಿನ ಗೋಡೆಯ ಆಚೆ, ಏಸಿಯ ತಣ್ಣಗಿನ ಲೌಂಜಿನಲ್ಲಿ, ಹಳೆಯ ಮ್ಯಾಗಜಿನ್ ತಿರುವುತ್ತ ಕೂತಿರುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ, ಇಬ್ಬರೂ ನಗುವುದು ಮಾತ್ರ ಕಾಣುತ್ತಿತ್ತು, ಅಕ್ವೇರಿಯಮ್ಮಿನೊಳಗೆ ಕಂಡಂತೆ.

ಎರಡು ಸಾವಿರದ ಹತ್ತರ ಆಚೀಚಿನ ವರ್ಷಗಳು. ಮೆಟ್ರೋ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಒಂದು ಚಳಿಗಾಲದಲ್ಲಿ ನನ್ನ ಗಂಡ ತೀರಿಕೊಂಡರು. ಅವರ ಕಾರು ಅಲ್ ನಹ್ದಾದ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ನಿಂತಲ್ಲೇ ನಿಂತಿತು. ಮರಳುಧೂಳು ಅದರ ಮೇಲೆ ಮೆತ್ತಗೆ, ರವೆಯ ಹಾಗೆ, ಇಳಿಯುತ್ತ ಹೋಯಿತು.

ನನ್ನ ಮಗ ಅಬುಧಾಬಿಯಲ್ಲಿ ಹಮ್ದಾನ್ ಸ್ಟ್ರೀಟಿನಲ್ಲಿ ಸಂಸಾರ ಸಮೇತ ಇದ್ದ. ನನ್ನ ವೀಸಾ ಅವನ ಕೈಯಲ್ಲಿ, ಫ್ಲ್ಯಾಟಿನ ಲೀಸ್ ಮುಗಿಯುವುದರಲ್ಲಿತ್ತು.

“ಅಮ್ಮಾ, ಬಿ ಪ್ರಾಕ್ಟಿಕಲ್. ಒಬ್ಳೇ ಇಲ್ಲಿ ಎಂತ ಮಾಡ್ತಿ? ತರಕಾರಿ ತರ್ಲಿಕ್ಕೂ ಟ್ಯಾಕ್ಸಿಗೆ ಕಾಯ್ಬೇಕು. ಕಾರು ಮಾರುವ, ನಮ್ಮಲ್ಲಿಗೆ ಬಾ.”

“ನಂಗೂ ಲೈಸೆನ್ಸ್ ಉಂಟು ಮಾರಾಯ.”

“ಲೈಸೆನ್ಸ್ ಪರ್ಸಲ್ಲಿ ಉಂಟು. ನೀನು ಕಡೆಗೆ ಡ್ರೈವ್ ಮಾಡಿದ್ದು ಯಾವಾಗ? ಪಪ್ಪ ಇದ್ದಾಗ ನೀನು ಪಕ್ಕದಲ್ಲಿ ಕೂತು ಸ್ಲೋ, ಸ್ಲೋ ಅಂತ ಹೇಳಿದ್ದು ಡ್ರೈವಿಂಗ್ ಅಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಬಾಡಿಗೆಯದಾದರೂ ಆ ಫ್ಲ್ಯಾಟ್ ನನ್ನದು. ಸ್ಕೂಲ್ ಟೀಚರಾಗಿ ರಿಟೈರ್ ಆದ ಮೇಲೂ ಸಂಜೆ ಬಿಲ್ಡಿಂಗಿನ ಮಕ್ಕಳು ನನ್ನ ಬಳಿ ಇಂಗ್ಲಿಷ್ ಓದಲು ಬರುತ್ತಿದ್ದರು. ಕರಾಮಾದಲ್ಲಿ ಹಳೆಯ ಗೆಳತಿಯರಿದ್ದರು. ಮಗನ ಮನೆಯಲ್ಲಿ ನಾನು ಹಿಂದಿನ ಸೀಟಿನ ಅಜ್ಜಿ. ಯಾರಾದರೂ ಕರೆದೊಯ್ದರೆ ಹೋಗುವವಳು, ತಂದರೆ ಬರುವವಳು.

ಮಾರುವ ಮೊದಲು ಕಾರಿಗೆ ಜೀವ ಬರಬೇಕಿತ್ತು. ರಿಕವರಿ ಗಾಡಿಯ ಪಠಾಣ ಡ್ರೈವರನ ಪಕ್ಕದಲ್ಲಿ ಎತ್ತರದ ಸೀಟಿನಲ್ಲಿ ಕೂತು, ಹಿಂದೆ ನಮ್ಮ ಕಾರನ್ನು ಹೇರಿಸಿಕೊಂಡು, ನಾನು ಅಲ್ ಕೂಜ್‌ಗೆ ಹೋದೆ. ಕೌಂಟರಿನ ಸಾಯಿಬರು ನನ್ನನ್ನು ನೋಡಿದರು, ನನ್ನ ಹಿಂದೆ ಬಾಗಿಲಿನ ಕಡೆ ನೋಡಿದರು. ನನ್ನನ್ನು ಅವರು ತುಳುವಿನಲ್ಲಿ ಅಕ್ಕೆರೆ, ಅಕ್ಕನವರೇ, ಎಂದೇ ಕರೆಯುತ್ತಿದ್ದರು.

“ಅಕ್ಕೆರೆ, ಅಣ್ಣ ಬರ್ಲಿಲ್ವಾ?”

ಹೇಳಿದೆ. ಅವರು ಎದ್ದು ಹೋಗಿ, ಪುದೀನ ಹಾಕಿದ ಸುಲೈಮಾನಿ ಟೀ ತಂದು ನನ್ನೆದುರು ಇಟ್ಟರು. ನಾನು ಅದು ಆರುವವರೆಗೆ ಕುಡಿಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಒಂದೇ ಮಾತು.

“ಡ್ರೈವರ್ ಸೀಟ್ ಮಾತ್ರ ಯಾರೂ ಅಲುಗಿಸಬಾರದು. ಪ್ಲೀಸ್.”

ನನ್ನ ಗಂಡ ಆರಡಿಯ ಆಳು. ಸೀಟನ್ನು ತೀರಾ ಹಿಂದಕ್ಕೆ ಸರಿಸಿ, ಸ್ವಲ್ಪ ಒರಗಿಸಿ ಕೂರುತ್ತಿದ್ದರು. ಅವರು ಹೋದ ಮೇಲೆ ಅವರ ಮೈಯ ಅಳತೆ ಉಳಿದಿದ್ದ ಜಾಗ ಈ ಲೋಕದಲ್ಲಿ ಅದೊಂದೇ. ನಾನು ಗಿಡ್ಡಿ. ಆ ಸೀಟನ್ನು ಮುಂದಕ್ಕೆ ಎಳೆಯದೆ ನನ್ನ ಕಾಲು ಬ್ರೇಕಿಗೆ ಎಟುಕುವುದಿಲ್ಲ. ಎಳೆದರೆ ಅವರು ಎದ್ದು ಹೋದ ಹಾಗೆ.

ಇದನ್ನೆಲ್ಲ ನಾನು ಸಾಯಿಬರಿಗೆ ಬಿಡಿಸಿ ಹೇಳಲಿಲ್ಲ. ಅವರೂ ಕೇಳಲಿಲ್ಲ. “ನೋಡುವ,” ಅಂದರು. ನಾನು ಟ್ಯಾಕ್ಸಿ ಕರೆಸಿ ಎಂದೆ. ಅವರು ಹಲಗೆಯಿಂದ ಒಂದು ಕೀ ತೆಗೆದು, ಎರಡೂ ಅಂಗೈ ಸೇರಿಸಿ, ನನ್ನ ಮುಂದೆ ಹಿಡಿದರು.

ಹೊರಗೆ ಬಿಸಿಲಿನಲ್ಲಿ ನಿಂತಿದ್ದದ್ದು ಆ ವರ್ಷದ ಹೊಸ ಮಾಡೆಲ್ಲಿನ ಬೆಳ್ಳಿ ಬಣ್ಣದ ಕಾರು. ರಿಪೇರಿಗೆ ಬಿಟ್ಟವರಿಗೆ ಅಲ್ಲಿಯವರೆಗೆ ಓಡಿಸಲು ಕಂಪೆನಿ ಕೊಡುವ ಕರ್ಟಸಿ ಕಾರು. ಸೀಟಿನೆದುರಿನ ಸನ್‌ವೈಸರಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ.

“ಅಯ್ಯೋ ಸಾಯಿಬರೇ, ಇಷ್ಟು ಹೊಸದು ಬೇಡ. ಎಂತಾದ್ರೂ ಹಳೇದಿದ್ರೆ ಕೊಡಿ. ಗೀರು ಬಿದ್ರೂ ಬೇಜಾರಿಲ್ಲ.”

ಅವರು ನಕ್ಕರು. “ಹಳೇದು ಕೊಟ್ಟು ಅದೂ ರಸ್ತೆಯಲ್ಲಿ ನಿಂತ್ರೆ ನನ್ನ ಗತಿ ಎಂತ? ಒಂದು ಗಾಡಿಗೆ ಬೈಯ್ಲಿಕ್ಕೆ ಬಂದವ್ರು ಎರಡು ಗಾಡಿಗೆ ಬೈತಾರೆ. ಮತ್ತೆ ಇದು ಕಂಪೆನಿ ಧರ್ಮಕ್ಕೆ ಕೊಡುದು ಅಂತ ತಿಳ್ಕೊಳ್ಬೇಡಿ. ಹೊಸದ್ರಲ್ಲಿ ಎರಡು ದಿನ ಕೂತು ಬಂದವ್ರಿಗೆ ತಮ್ಮ ಗಾಡಿ ಸವೆದ ಚಪ್ಪಲಿ ಹಾಗೆ ಕಾಣ್ತದೆ. ಅಷ್ಟೊತ್ತಿಗೆ ಮೇಲಿಂದ ಸೇಲ್ಸಿನ ಹುಡುಗ್ರು ಇಳಿದು ಬರ್ತಾರೆ, ಮ್ಯಾಡಂ ಹೇಗಿತ್ತು, ಮ್ಯಾಡಂ ಕಲರ್ ಯಾವುದು ಅಂತ. ಗಾಳ ಅಕ್ಕೆರೆ, ಗಾಳ.”

“ನಾನು ಕೊಳ್ಳದಿದ್ರೆ?”

“ಬೇರೆ ಯಾರಾದ್ರೂ ಕೊಳ್ತಾರೆ. ಕೆಲವು ತಿಂಗಳು ಹೀಗೆ ಓಡಿದ ಮೇಲೆ ಇದನ್ನೂ ಮಾರ್ತಾರೆ. ಕಂಪೆನಿಗೆ ಲಾಸ್ ಇಲ್ಲ.” ಆಮೇಲೆ ದನಿ ತಗ್ಗಿಸಿದರು. “ನಿಮಗೆ ಕೊಡುದಕ್ಕೆ ಕಾರಣ ಬೇರೆ. ಹೊಸ ಗಾಡಿಯಲ್ಲಿ ಯಾರೂ ಕೂತಿಲ್ಲ. ಸೀಟು ನಿಮ್ಗೆ ಬೇಕಾದ ಹಾಗೆ ಮುಂದೆ ತನ್ನಿ. ಯಾರೂ ಬೇಜಾರು ಮಾಡ್ಕೊಳ್ಳುದಿಲ್ಲ.”

ಹೇಳದೆಯೇ ಅವರಿಗೆ ತಿಳಿದಿತ್ತು.

ಆ ಮೊದಲ ಡ್ರೈವ್ ಈಗ ನೆನೆಸಿದರೆ ನಾನೇ ಕಂಡ ಕನಸೋ ಎನಿಸುತ್ತದೆ. ಇಂಜಿನ್ನಿನ ಸದ್ದೇ ಇಲ್ಲ. ಗಾಳಿಯಲ್ಲಿ ಧೂಳಿನ ಮಬ್ಬು, ದೂರದ ಟವರ್‌ಗಳೆಲ್ಲ ಟ್ರೇಸಿಂಗ್ ಪೇಪರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಂತೆ. ಕೈ ಸ್ಟೀರಿಂಗಿಗೆ ಅಂಟಿಕೊಂಡಿತ್ತು. ಎಡಬಲದಿಂದ ದೊಡ್ಡ ದೊಡ್ಡ ಗಾಡಿಗಳು ಹಾರ್ನ್ ಹೊಡೆದು ಹಾರಿಹೋಗುತ್ತಿದ್ದವು. ಅಲ್ ನಹ್ದಾದ ಎಕ್ಸಿಟ್ ಕಂಡಿತು, ಲೇನ್ ಬದಲಿಸಲು ಧೈರ್ಯ ಬರಲಿಲ್ಲ, ಎಕ್ಸಿಟ್ ಹಿಂದಕ್ಕೆ ಸರಿದುಹೋಯಿತು. ಕಣ್ಣು ಬಿಟ್ಟು ನೋಡಿದರೆ ಶಾರ್ಜಾ! ಸಂಜೆಯ ಟ್ರಾಫಿಕ್ಕಿನಲ್ಲಿ ಸಾಲು ಸಾಲು ಕಾರುಗಳು ಹರಿಯದ ನದಿಯ ಹಾಗೆ ನಿಂತಿದ್ದವು, ನನ್ನದು ಅದರಲ್ಲೊಂದು ದೋಣಿ. ಹೆದರಬೇಕಾದವಳು ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಗಂಡ ಹೋದ ಮೇಲೆ ಅಂದೇ ನಾನು ಮೊದಲು ನಕ್ಕದ್ದು.

ಕೆಲವು ದಿನಗಳ ಮೇಲೆ ಸಾಯಿಬರ ಫೋನು. “ಒಂದು ಪಾರ್ಟ್ ಬರ್ಲಿಕ್ಕುಂಟು ಅಕ್ಕೆರೆ. ಜಪಾನಿನಿಂದ ಬರ್ಬೇಕು. ಗಾಡಿ ನಿಮ್ಮತ್ರವೇ ಇರ್ಲಿ.” ಫೋನ್ ಇಡುವ ಮೊದಲು, “ಇವತ್ತು ಎಲ್ಲಿಗೆ ಹೋದ್ರಿ?”

“ಕರಾಮಾಕ್ಕೆ. ಮಲ್ಲಿಗೆ ತಂದೆ.”

“ಪಾರ್ಕಿಂಗ್ ಸಿಕ್ಕಿತಾ?”

“ಇಲ್ಲ. ಸುತ್ತಿ ಸುತ್ತಿ ಸಾಕಾಯ್ತು.”

“ಸುತ್ತಿದ್ರಲ್ಲ, ಅದೇ ಬೇಕಾದ್ದು.”

ಮುಂದಿನ ವಾರ ಮತ್ತೆ ಫೋನು. ಪಾರ್ಟ್ ಬರಲಿಲ್ಲ, ಇವತ್ತು ಎಲ್ಲಿಗೆ? ಮಮ್ಜರ್ ಬೀಚಿಗೆ. ಅದರ ಮುಂದಿನ ವಾರವೂ ಜಪಾನಿನ ಹಡಗು ಸಮುದ್ರದಲ್ಲೇ ಇತ್ತು. ನಾನು ಬರ್ ದುಬೈಯ ದೇವಸ್ಥಾನಕ್ಕೆ, ಜಬಲ್ ಅಲಿಯ ಕಡೆಗೆ, ಎಲ್ಲಿಗೂ ಅಲ್ಲದ ಕಡೆಗೆ ಹೋಗಿಬಂದೆ. ಬೆಳಗಿನ ಹೊತ್ತು ಮಂಜು ಬಿದ್ದಿದ್ದರೆ ದೀಪ ಹಾಕಿಕೊಂಡು ನಿಧಾನ ಹೋಗುತ್ತಿದ್ದೆ. ಸಾಲಿಕ್ ಟೋಲಿನ ಕಮಾನುಗಳು ಮಂಜಿನಿಂದ ಒಂದೊಂದಾಗಿ ಮೂಡಿ, ತಲೆಯ ಮೇಲೆ ಹಾದು, ಕರಗುತ್ತಿದ್ದವು. ನನ್ನ ಊರೇ ನನಗೆ ಪರಿಚಯವಿರಲಿಲ್ಲ. ಅಷ್ಟು ವರ್ಷ ಬಲಗಡೆಯ ಕಿಟಕಿಯಿಂದ ಮಾತ್ರ ಅದನ್ನು ನೋಡಿದ್ದೆ.

ಒಂದು ಶುಕ್ರವಾರ ಯಾರಿಗೂ ಹೇಳದೆ ಅಬುಧಾಬಿಗೆ ಹೊರಟೆ. ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಎರಡು ದೊಡ್ಡ ಗಾಡಿಗಳ ಮಧ್ಯೆ, ಬೆವರು ಸುರಿಸಿ ಪಾರ್ಕ್ ಮಾಡಿ, ಮೇಲೆ ಹೋಗಿ ಬೆಲ್ ಒತ್ತಿದೆ. ಮಗ ಬಾಗಿಲು ತೆಗೆದು ನನ್ನ ಹಿಂದೆ ಕಾರಿಡಾರಿನಲ್ಲಿ ಹುಡುಕಿದ.

“ಯಾರೊಟ್ಟಿಗೆ ಬಂದೆ?”

“ನನ್ನೊಟ್ಟಿಗೆ.”

“ಡೋಂಟ್ ಜೋಕ್, ಅಮ್ಮಾ. ಟ್ಯಾಕ್ಸಿಯಾ?”

ಕೀ ತೋರಿಸಿದೆ. ಅವನು ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದ. ಮೊಮ್ಮಗಳು ಅವನ ತೋಳಿನಡಿಯಿಂದ ಇಣುಕಿ, “ವಾವ್, ಗ್ರ್ಯಾನಿ ಡ್ರೈವ್ಸ್ ಬೆಟರ್ ದ್ಯಾನ್ ಯು, ಪಪ್ಪ. ಲುಕ್, ಲೈನಿನ ಒಳಗೇ ಉಂಟು,” ಎಂದಳು. ಮಗ ಏನೋ ಗೊಣಗಿದ. ನಾನು ಹೊರಡುವಾಗ ಲಿಫ್ಟಿನ ತನಕ ಬಂದು, “ಲೀಸ್ ರಿನ್ಯೂ ಮಾಡಿಸ್ತೇನೆ,” ಎಂದ, ಬೇರೆಲ್ಲೋ ನೋಡುತ್ತ. “ಮನೆ ಮುಟ್ಟಿದ ಕೂಡ್ಲೆ ಫೋನ್ ಮಾಡು.”

ಮರುದಿನ ಸಾಯಿಬರ ಫೋನು ಬಂದಾಗ ಅಬುಧಾಬಿಯ ಕಥೆ ಹೇಳಿದೆ. ಅತ್ತ ಕಡೆ ಅವರು ನಕ್ಕದ್ದು ಕೇಳಿಸಿತು. ಆಮೇಲೆ, “ಪಾರ್ಟ್ ಬಂತು ಅಕ್ಕೆರೆ. ನಾಳೆ ಬನ್ನಿ.”

ಯಾವ ಪಾರ್ಟ್ ಎಂದು ನಾನು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಟೈ ಕಟ್ಟಿದ ಸೇಲ್ಸಿನ ಹುಡುಗ ಮಹಡಿಯಿಂದ ಇಳಿದು ಬಂದು ಹೊಸ ಮಾಡೆಲ್ಲಿನ ಗುಣಗಾನ ಮಾಡಿದ. ನನಗೆ ಬೇಡಪ್ಪಾ ಎಂದಾಗ ಅವನಿಗೆ ಸಿಟ್ಟು ಬಂತು. ಸಾಯಿಬರ ಕಡೆ ತಿರುಗಿ ಹಿಂದಿಯಲ್ಲಿ, ನಿಮ್ಮ ಅಕ್ಕನವರಿಗೆ ತಿಂಗಳುಗಟ್ಟಲೆ ಫ್ರೀ ಟ್ಯಾಕ್ಸಿ ಕೊಟ್ಟಿರಲ್ಲ, ಮ್ಯಾನೇಜರಿಗೆ ಎಂತ ಹೇಳಲಿ ಎಂದು ಕೇಳಿದ.

“ನಾನೇ ಹೇಳ್ತೇನೆ ಬಿಡಿ,” ಅಂದರು ಸಾಯಿಬರು. “ಗಾಳ ಹಾಕಿದ್ದೆ, ಮೀನು ಗಾಳ ಹಿಡ್ಕೊಂಡು ಅಬುಧಾಬಿ ನೋಡಿ ಬಂತು ಅಂತ.”

ಅವರು ಮ್ಯಾನೇಜರಿಂದ ಏನು ಕೇಳಿಸಿಕೊಂಡರೋ, ನನಗೆ ಗೊತ್ತಾಗಲಿಲ್ಲ.

ನಮ್ಮ ಕಾರು ತೊಳೆದು ನಿಂತಿತ್ತು. ಪಕ್ಕದಲ್ಲಿ ಒಬ್ಬ ಆಜಾನುಬಾಹು ಮೆಕ್ಯಾನಿಕ್, ಪೇಶಾವರದ ಕಡೆಯವನಂತೆ. “ಟೆಸ್ಟ್ ಡ್ರೈವ್ ಮಾಡ್ಲೇ ಬೇಕಲ್ಲ,” ಅಂದರು ಸಾಯಿಬರು. “ವರ್ಕ್‌ಶಾಪಿನಲ್ಲಿ ಎಲ್ಲಕ್ಕಿಂತ ಉದ್ದದವ ಇವ. ಇವನನ್ನು ಬಿಟ್ಟು ಯಾರನ್ನೂ ಕೂರಿಸ್ಲಿಲ್ಲ. ಸೀಟು ಅಣ್ಣ ಇಟ್ಟ ಹಾಗೇ ಉಂಟು.”

ಒಳಗೆ ಕೂತೆ. ಕಾಲು ಮಕ್ಕಳ ಹಾಗೆ ತೂಗಾಡಿತು. ಸಾಯಿಬರು ಬಾಗಿಲು ಮೆಲ್ಲಗೆ ಮುಚ್ಚಿ, “ಒಂದು ಸುಲೈಮಾನಿ ತರ್ತೇನೆ, ತಡ ಆಗ್ತದೆ,” ಎಂದು ಆ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಹೊರಟುಹೋದರು. ಒರಗಿ ಕೂತೆ, ನನ್ನ ಗಂಡ ಒರಗುತ್ತಿದ್ದಂತೆ. ಕನ್ನಡಿಯಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು. ಬೈ ಡಾರ್ಲಿಂಗ್, ಎಂದೆನೋ, ಅಂದುಕೊಂಡೆನೋ. ಸೀಟಿನಡಿ ಕೈ ಹಾಕಿ ಸರಳನ್ನು ಎತ್ತಿದೆ. ಕಟ ಕಟ ಎನ್ನುತ್ತ ನಾನು ಸ್ಟೀರಿಂಗಿನ ಕಡೆ ಸರಿದೆ.

ಸಾಯಿಬರು ಟೀ ತಂದಾಗ ನನ್ನ ಮುಖ ನೋಡಲಿಲ್ಲ. ಟೈರ್ ನೋಡಿದರು.

ಆ ಕಾರನ್ನು ನಾನು ಬಹಳ ವರ್ಷ ಓಡಿಸಿದೆ. ಸರ್ವಿಸಿಗೆ ಹೋದಾಗ ಈಗ ಕೌಂಟರಿನ ಬಳಿ ಕೂತು ತುಳು ಮಾತಾಡುವವಳು ನಾನಾದೆ. ಆಗ ತಿಳಿಯಿತು, ಅಷ್ಟು ಹೊಸ ಗಾಡಿಗಳ ಕೀ ಕೊಡುತ್ತಿದ್ದವರಿಗೆ ಸ್ವಂತ ಗಾಡಿಯೇ ಇಲ್ಲ. ಸಂಜೆ ಸ್ಟಾಫ್ ಬಸ್ಸಿನಲ್ಲಿ ಹೋಗುತ್ತಿದ್ದರು. ಹೆಂಡತಿ ಮಕ್ಕಳು ಊರಲ್ಲಿ. “ಬರುವ ವರ್ಷ ಹೋಗುವ,” ಎನ್ನುತ್ತಿದ್ದರು, ಪ್ರತಿ ವರ್ಷ.

ಅವರು ತೀರಿಕೊಂಡ ಸುದ್ದಿ ಅವರದೇ ಫೋನಿನಿಂದ ಬಂತು, ಮಗಳು ಮಾತಾಡಿದಳು. ಕೆಲಸ ಬಿಟ್ಟು ಊರಿಗೆ ಹೋಗಿ ಒಂದು ಮಳೆಗಾಲ ಕಳೆದಿತ್ತಷ್ಟೆ. “ದುಬೈಯ ಅಕ್ಕ ಅಂದ್ರೆ ನೀವಲ್ವಾ?” ಎಂದು ಕೇಳಿದಳು. ನಾನು ಹೌದು ಎಂದೆ.

ನನಗೆ ಅವರು ಈಗಲೂ ಕಾಣುವುದು ಆ ಕೊನೆಯ ಮಧ್ಯಾಹ್ನದಲ್ಲಿ. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟಿದ್ದರು. ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ ಎಂದು ಹಟ ಹಿಡಿದಿದ್ದೆ. ಪೆಟ್ಟಿಗೆ ಡಿಕ್ಕಿಗೆ ಹಾಕಿ ಅವರು ಹಿಂದಿನ ಬಾಗಿಲಿಗೆ ಕೈ ಹಾಕಿದರು.

“ಹಿಂದೆ ಕೂರ್ಲಿಕ್ಕೆ ನಾನು ಟ್ಯಾಕ್ಸಿಯವಳಾ? ಮುಂದೆ ಬನ್ನಿ.”

ಸಂಕೋಚದಿಂದ ಪಕ್ಕದಲ್ಲಿ ಕೂತರು. “ಅಕ್ಕೆರೆ, ಇಷ್ಟು ವರ್ಷ ಬೇರೆಯವರ ಕಾರಲ್ಲಿ ಕೂತದ್ದೆಲ್ಲ ಎಲ್ಲಿ ಶಬ್ದ ಬರ್ತದೆ ಅಂತ ಕೇಳ್ಲಿಕ್ಕೆ. ಸುಮ್ನೆ ಕೂರುದು ಇದೇ ಮೊದಲು.”

“ಹಾಗಾದ್ರೆ ಸುಮ್ನೆ ಕೂರಿ.”

ಕೂತರು. ಸೇತುವೆ ದಾಟುವಷ್ಟರಲ್ಲಿ ಅವರ ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಒಂದು ಆಯುಷ್ಯದ ಆಯಾಸವೆಲ್ಲ ಆ ನಿದ್ದೆಯಲ್ಲಿತ್ತು. ಡಿಪಾರ್ಚರ್ಸ್ ಬೋರ್ಡು ಬಂತು. ವಿಮಾನಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನು ನಿಲ್ಲಿಸಲಿಲ್ಲ. ಹಗುರವಾಗಿ ಲೇನ್ ಬದಲಿಸಿ, ಟರ್ಮಿನಲ್ ದಾಟಿ, ಖರ್ಜೂರದ ಮರಗಳ ಸಾಲಿನ ಪಕ್ಕದಲ್ಲಿ, ಅವರಿಗೆ ಎಚ್ಚರವಾಗದ ಹಾಗೆ, ಬ್ರೇಕ್ ತಾಗಿಸದೆ, ಮತ್ತೊಂದು ಸುತ್ತು ಹೊರಟೆ.