ಸುಮಾರ್ನಿಯ ಹೆಬ್ಬೆಟ್ಟು

ಸತ್ತವಳೊಬ್ಬಳ ಹೆಬ್ಬೆಟ್ಟಿನ ಗುರುತನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೆಗೆದವಳು ನಾನು. ಗೊತ್ತಿಲ್ಲದೆ ಮಾಡಿದೆ ಎಂದು ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ. ಮುಟ್ಟಬೇಡ ಎಂದು ಪಾಕ್ ಸುವಿತೋ ಎರಡೆರಡು ಸಲ ಹೇಳಿದ್ದರು.

ರೈಲ್ವೆಯಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು; ಅಪ್ಪನ ವಯಸ್ಸಿನವರೆಂದು ನಾವೆಲ್ಲ ಗೌರವದಿಂದ ‘ಪಾಕ್’ ಎನ್ನುತ್ತಿದ್ದೆವು. ನಮ್ಮ ಸೋಲೋ ಊರಿನ ಹಳೆ ಸಾಮಾನಿನ ಪೇಟೆಗೆ ಪ್ರತಿ ಭಾನುವಾರ ಬಿಳಿ ಕೈಗವಸು ಜೇಬಿಗೆ ತುರುಕಿಕೊಂಡು ಬರುತ್ತಿದ್ದರು. ಬಂದವರೇ ನಾಣ್ಯ ಮಾರುವವರ ಮೇಲೆ ಸಿಡುಕು. "ಈ ಮೆತ್ತನೆ ಪ್ಲಾಸ್ಟಿಕ್ಕಲ್ಲಿ ಇಟ್ರೆ ಹಸಿರು ಅಂಟು ಹಿಡಿಯುತ್ತೆ ಕಣಯ್ಯಾ! ಗಟ್ಟಿ ಡಬ್ಬಿಗೆ ಹಾಕು. ಅಂಚಲ್ಲಿ ಹಿಡಿ, ಮುಖ ಮುಟ್ಬೇಡ!" ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಚಪ್ಪಲಿ ಅಂಗಡಿಗಳಲ್ಲಿ ಕೇಳಿ ಪಡೆದು ಮನೆಗೆ ಒಯ್ಯುತ್ತಿದ್ದರು.

"ಪಾಕ್, ನಿಮ್ಮ ನಾಣ್ಯಕ್ಕೆ ನೆಗಡಿಯಾದ್ರೆ ಕಷಾಯಾನೂ ಕುಡಿಸ್ತೀರಾ?" ಎಂದು ನಾನು ರೇಗಿಸುತ್ತಿದ್ದೆ.

"ಇರು ವಾತಿ, ನಿನ್ನ ಬಾಯಿಗೂ ಒಂದು ಮುಚ್ಚಳ ತರ್ತೀನಿ."

ಮದುಮಗ ಹುಡುಗಿಗೆ ಕೊಡುವ ಮಹರಿನ ನಾಣ್ಯಗಳನ್ನು ಹೂವಿನ ಹಾಗೋ ನವಿಲಿನ ಹಾಗೋ ಅಂಟಿಸಿ ಗಾಜಿನ ಚೌಕಟ್ಟು ಹಾಕುವುದು ನನ್ನ ಕಸುಬು. ನಾಣ್ಯಕ್ಕೆ ಅಂಟು ಮೆತ್ತುವ ನನ್ನನ್ನು ಅವರು ಕಟುಕಿ ಎಂದೇ ಕರೆಯುತ್ತಿದ್ದರು. ಆದರೂ ತನ್ನ ಮದುವೆಗೆ ಚೌಕಟ್ಟು ಬೇಕೇ ಬೇಕೆಂದು ಮಗ ಹಠ ಹಿಡಿದಾಗ ನನ್ನ ಬಳಿಗೇ ಬಂದರು.

ಗಟ್ಟಿ ಡಬ್ಬಿಯೊಳಗೆ, ಡಚ್ಚರು ನಮ್ಮನ್ನು ಆಳುತ್ತಿದ್ದ ಕಾಲದ ದೊಡ್ಡ ಬೆಳ್ಳಿ ನಾಣ್ಯ. ತಮ್ಮ ಮದುವೆಯಲ್ಲಿ ಅವರು ಹೆಂಡತಿ ಸುಮಾರ್ನಿಗೆ ಕೊಟ್ಟ ಮಹರು ಅದು. ಆಕೆ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು.

"ಇದು ಸೊಸೆಗೆ. ನಡುವೆ ಇಡು. ಡಬ್ಬಿ ತೆಗೀಬೇಡ."

"ಆಯ್ತು ಪಾಕ್."

"ತೆಗೀಬೇಡ ಅಂದೆ."

ಯಾಕೆಂದು ಹೇಳಲಿಲ್ಲ. ಆ ವಯಸ್ಸಿನ ಗಂಡಸಿಗೆ ಅಂಥದ್ದನ್ನು ಹೇಳಲು ನಾಚಿಕೆ. ಮದುವೆಯ ದಿನ ಸುಮಾರ್ನಿ ನಾಣ್ಯವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳಂತೆ. ಬೆವರಿದ ಹೆಬ್ಬೆಟ್ಟಿನ ಗೆರೆಗಳು ಬೆಳ್ಳಿಯ ಮೇಲೆ ಕಪ್ಪಾಗಿ ಕೂತುಬಿಟ್ಟಿದ್ದವಂತೆ. ಅಷ್ಟು ವರ್ಷದ ಜೋಪಾನವೆಲ್ಲ ಆ ಗೆರೆಗಳಿಗಾಗಿ. ಇದನ್ನು ಅವರ ಮಗ ನನಗೆ ಹೇಳಿದ್ದು ಮದುವೆ ಮುಗಿದು ತಿಂಗಳಾದ ಮೇಲೆ.

ನನಗೆ ಕಂಡದ್ದು ಬರೀ ಕಲೆ. ಡಬ್ಬಿ ದಪ್ಪ, ಅದರ ಮೇಲೆ ಗಾಜು ಕೂರಲಿಲ್ಲ. ಸುತ್ತ ಎಲ್ಲ ನಾಣ್ಯಗಳು ಫಳಫಳ ಹೊಳೆಯುವಾಗ ನಡುವೆ ಇದೊಂದು ಮಸಿ ಹಿಡಿದು ಕೂತರೆ ಹೆಣ್ಣಿನ ಕಡೆಯವರು ಏನಂದಾರು? ನನ್ನ ಕೆಲಸಕ್ಕೆ ತಾನೇ ಕೆಟ್ಟ ಹೆಸರು? ಮುದುಕರಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ಥೂ ನನ್ನ ಜಾಣತನವೇ! ಡಬ್ಬಿ ತೆರೆದೆ, ಉಜ್ಜಿದೆ, ಅಂಟಿಸಿದೆ.

ಮದುವೆಯ ದಿನ ಚೌಕಟ್ಟು ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನು ಉಬ್ಬಿಹೋಗಿದ್ದೆ. ಪಾಕ್ ಸುವಿತೋ ಅದನ್ನು ಮಡಿಲಲ್ಲಿಟ್ಟುಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ.

"ತೊಳೆದ್ಯಾ ಮಗಳೇ?"

"ನಾಲ್ಕು ಸಲ ಪಾಕ್! ಹುಣಸೆಹಣ್ಣು, ಬೂದಿ, ಕೊನೆಗೆ ಟೂತ್‌ಪೇಸ್ಟು. ಹೇಗೆ ಹೊಳೀತಿದೆ ನೋಡಿ!"

ಅವರು ತಲೆ ಎತ್ತಲಿಲ್ಲ. "ಒಂದೇ ಸಲಕ್ಕೆ ಹೋಗ್ಲಿಲ್ಲ, ಅಲ್ವಾ?"

"ಅಯ್ಯೋ, ಎಲ್ಲಿ ಹೋಗುತ್ತೆ? ಭಾರೀ ಹಠ ಮಾಡ್ತು."

"ಹೂಂ," ಎಂದರು. "ಅವಳು ಹಾಗೇನೇ."

ಯಾರು ಎಂದು ಕೇಳುವ ಪುರುಸೊತ್ತೂ ನನಗಿರಲಿಲ್ಲ. ಸಾರು ಆರಿಹೋಗುತ್ತದೆಂದು ಊಟದ ಸಾಲಿಗೆ ಓಡಿದೆ.